ಸೋತವರ ಸುತ್ತು

‘2022ರ ವಿಶ್ವಕಪ್ ಫುಟ್‌ಬಾಲ್ ಗೆದ್ದ ತಂಡ ಯಾವುದು?’ ಎಂದು ಕೇಳಿದರೆ ಸಭೆಯ ಅರ್ಧ ಜನ ಒಟ್ಟಿಗೇ ‘ಅರ್ಜೆಂಟೀನಾ’ ಎನ್ನುತ್ತಾರೆ. ಪ್ರಶ್ನೆ ಅಲ್ಲಿಗೆ ಮುಗಿಯಿತು. ಯಾರೂ ತಲೆ ಕೆರೆದುಕೊಳ್ಳಬೇಕಾಗಿಲ್ಲ. ‘ಆ ತಂಡವನ್ನು ಮೊದಲ ಪಂದ್ಯದಲ್ಲೇ ಸೋಲಿಸಿದವರು ಕೊನೆಗೆ ಗುಂಪಿನಲ್ಲಿ ಎಷ್ಟನೆಯ ಸ್ಥಾನ ಪಡೆದರು?’ ಎಂದು ಕೇಳಿ ನೋಡಿ. ಸೌದಿ ಅರೇಬಿಯಾದಲ್ಲಿ ಕೇಳಿದರಂತೂ ಮೊದಲು ನಗು, ಆಮೇಲೆ ಲೆಕ್ಕಾಚಾರ ಶುರುವಾಗುತ್ತದೆ. 2022ರ ನವೆಂಬರ್ 22ರಂದು ಕತಾರಿನ ಲುಸೈಲ್‌ನಲ್ಲಿ ಸೌದಿ ತಂಡವು ಮೆಸ್ಸಿಯ ಅರ್ಜೆಂಟೀನಾವನ್ನು 2–1ರಿಂದ ಮಣಿಸಿದಾಗ ಇಲ್ಲಿನ ದೊರೆ ಮರುದಿನ ನಾಡಿಗೆಲ್ಲ ರಜೆ ಸಾರಿದ್ದರು. ಮುಂದಿನ ಎರಡು ಪಂದ್ಯಗಳಲ್ಲಿ ಪೋಲೆಂಡ್‌ಗೂ ಮೆಕ್ಸಿಕೊಗೂ ಸೋತ ಅದೇ ತಂಡ ನಾಲ್ಕರಲ್ಲಿ ನಾಲ್ಕನೆಯದಾಗಿ ಮನೆಗೆ ಮರಳಿತು. ಸೋತವರು ಕಪ್ ಒಯ್ದರು, ಗೆದ್ದವರು ರಜೆ ಅನುಭವಿಸಿದರು.

ಇಂಥ ಪ್ರಶ್ನೆಗಳಿಗಾಗಿಯೇ ನಮ್ಮ ಕ್ವಿಜ್‌ನಲ್ಲಿ ಒಂದು ಸುತ್ತು ಮೀಸಲಾಗಿದೆ. ಹೆಸರು ‘ಸೋತವರ ಸುತ್ತು’. ಸೋತ ತಂಡಗಳು, ಸೋತ ಕಥಾನಾಯಕರು ಎರಡೂ ಅದರಲ್ಲಿ ಸೇರುತ್ತವೆ. ಸೌದಿಯ ಪೂರ್ವ ಪ್ರಾಂತ್ಯದ ದಮ್ಮಾಮ್, ಅಲ್ ಖೋಬರ್, ಜುಬೈಲ್ ಪಟ್ಟಣಗಳ ಕೆಲವು ಕನ್ನಡ ಕುಟುಂಬಗಳು ತಂಪಿನ ತಿಂಗಳುಗಳಲ್ಲಿ, ಶುಕ್ರವಾರದ ಸಂಜೆ, ಹುಲ್ಲುಹಾಸು ಇರುವ ಇಸ್ತಿರಾಹವೊಂದನ್ನು ಬಾಡಿಗೆಗೆ ಹಿಡಿದು ಸೇರುವ ಪದ್ಧತಿಯಿದೆ. ಗೋಳಿಬಜೆ, ಚಹಾ, ಮಕ್ಕಳ ಗಲಾಟೆ, ನಡುವೆ ಕ್ವಿಜ್. ತಂಡಗಳನ್ನು ಬೆರೆಸಿಯೇ ಮಾಡುತ್ತೇವೆ: ಒಬ್ಬ ಗೃಹಸ್ಥ, ಒಬ್ಬ ಗೃಹಿಣಿ, ಒಂದು ಮಗು, ಒಬ್ಬ ಬ್ಯಾಚುಲರ್. ಇಲ್ಲಿ ಬ್ಯಾಚುಲರ್ ಎಂದರೆ ಮದುವೆಯಾಗದವನು ಎಂದಲ್ಲ. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಕ್ಯಾಂಪಿನಲ್ಲಿರುವವನು ಎಂದು ಅರ್ಥ. ಪುರಾಣದ ಪ್ರಶ್ನೆಗಳಿಗೆ ಬಹುಮಟ್ಟಿಗೆ ಉತ್ತರಿಸುವವರು ಅವರೇ. ಯಕ್ಷಗಾನದ ರಾತ್ರಿಗಳನ್ನು ಕಣ್ಣಾರೆ ಕಂಡವರು ಅವರು.

ಕರ್ನಾಟಕಕ್ಕೆ ಕ್ವಿಜ್ ಹೊಸದಲ್ಲ. ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಬೆಂಗಳೂರಿನಲ್ಲಿ ಹುಟ್ಟಿದ್ದು 1983ರಲ್ಲಿ. ಆದರೆ ಕನ್ನಡದಲ್ಲಿಯೇ ಪ್ರಶ್ನೆ, ಕನ್ನಡದಲ್ಲಿಯೇ ಉತ್ತರ, ಬಹುಮಾನವಾಗಿ ಕನ್ನಡ ಪುಸ್ತಕ ಎಂಬ ರೂಢಿಯನ್ನು ಮನೆಮನೆಗೆ ತಲುಪಿಸಿದ್ದು 2002ರಲ್ಲಿ ಚಂದನ ವಾಹಿನಿಯಲ್ಲಿ ಆರಂಭವಾದ, ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’. ನಮ್ಮ ಕೂಟದ ಮಾದರಿಯೂ ಅದೇ. ರಜೆಗೆ ಮಂಗಳೂರಿಗೆ ಹೋದವರು ಮರಳುವಾಗ ಕುಚ್ಚಲಕ್ಕಿ, ಹಪ್ಪಳಗಳ ನಡುವೆ ನಾಲ್ಕು ಪುಸ್ತಕ ತುರುಕಿಕೊಂಡು ಬರುತ್ತಾರೆ. ತೂಕದ ಮಿತಿ ಮೀರಿದರೆ ಮೊದಲು ಹೊರಬೀಳುವುದೂ ಪುಸ್ತಕವೇ ಎಂಬುದು ಬೇರೆ ಮಾತು.

ಕ್ರಿಕೆಟ್ಟಿನಲ್ಲಿ ಸೋಲಿನ ಪ್ರಶ್ನೆಗಳಿಗೆ ನಮಗೆ ಬರವಿಲ್ಲ. ಹದಿನೇಳು ವರ್ಷ ರಾಯಲ್ ಚಾಲೆಂಜರ್ಸ್ ಅದಕ್ಕೆ ಬೇಕಾದಷ್ಟು ಸಾಮಗ್ರಿ ಒದಗಿಸಿತು. 2009, 2011, 2016ರ ಫೈನಲ್‌ಗಳಲ್ಲಿ ಸೋತದ್ದು ಎಲ್ಲರಿಗೂ ಗೊತ್ತು. ಆದರೆ 2009ರಲ್ಲಿ ಜೊಹಾನ್ಸ್‌ಬರ್ಗ್‌ನ ಆ ಫೈನಲ್‌ನಲ್ಲಿ ಪಂದ್ಯಪುರುಷ ಪ್ರಶಸ್ತಿ ಪಡೆದವರು ಯಾರು? ಸೋತ ತಂಡದ ನಾಯಕ ಅನಿಲ್ ಕುಂಬ್ಳೆ. ಕೇವಲ 16 ರನ್ ನೀಡಿ 4 ವಿಕೆಟ್ ಕಿತ್ತಿದ್ದರು. ತಂಡ ಸೋತದ್ದು 6 ರನ್‌ಗಳಿಂದ. ಅದಾಗಿ ಕೆಲವೇ ತಿಂಗಳಲ್ಲಿ, 2010ರ ಜನವರಿಯಲ್ಲಿ, ಮೈಸೂರಿನ ರಣಜಿ ಫೈನಲ್‌ನಲ್ಲಿ 338 ರನ್ ಬೆನ್ನಟ್ಟಿದ ಕರ್ನಾಟಕ 331ಕ್ಕೆ ಆಲೌಟ್ ಆಗಿ ಮುಂಬೈಗೆ ಮಣಿಯಿತು. ಮನೀಶ್ ಪಾಂಡೆಯ ಶತಕ ವ್ಯರ್ಥವಾಯಿತು. ಅಂತರ ಆಗಲೂ 6 ರನ್. ಕೊನೆಗೆ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು ಸೋಲಿಸಿ ಮೊದಲ ಬಾರಿ ಕಪ್ ಎತ್ತಿತಲ್ಲ, ಆ ಅಂತರವೆಷ್ಟು? ಅದೂ 6 ರನ್ನೇ! ಈ ಮೂರು ಆರುಗಳನ್ನು ಒಂದೇ ಪ್ರಶ್ನೆಯಾಗಿ ಕಟ್ಟಿದ ದಿನ ಇಸ್ತಿರಾಹದಲ್ಲಿ ಎದ್ದ ಬೊಬ್ಬೆಗೆ ಪಕ್ಕದ ಇಸ್ತಿರಾಹದವರು ಬಂದು ವಿಚಾರಿಸಿದ್ದರು. ಆ ತಂಡದ ಬಹುಪಾಲು ಆಟಗಾರರನ್ನು ಕೊಂಡದ್ದು 2024ರ ನವೆಂಬರಿನಲ್ಲಿ ಇಲ್ಲಿಯೇ, ಜಿದ್ದಾದಲ್ಲಿ ನಡೆದ ಹರಾಜಿನಲ್ಲಿ ಎಂಬುದನ್ನು ಜಿದ್ದಾದ ಗೆಳೆಯರು ಪ್ರತಿ ಸಲವೂ ನೆನಪಿಸುತ್ತಾರೆ. ಗೆಲುವಿನ ಮರುದಿನ ಬೆಂಗಳೂರಿನ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅದರ ಕುರಿತು ನಾವು ಪ್ರಶ್ನೆ ಮಾಡುವುದಿಲ್ಲ.

ಪ್ರಶ್ನೆ ಮಾಡುವುದರಲ್ಲಿಯೂ ಮರ್ಯಾದೆಯಿದೆ. 2002ರ ಜೂನ್ 1ರಂದು ಜಪಾನಿನ ಸಪ್ಪೊರೊದಲ್ಲಿ ಸೌದಿ ತಂಡ ಜರ್ಮನಿಗೆ 0–8ರಿಂದ ಸೋತದ್ದು ವಿಶ್ವಕಪ್ ಇತಿಹಾಸದ ದೊಡ್ಡ ಸೋಲುಗಳಲ್ಲೊಂದು. ‘ಎಷ್ಟು ಗೋಲು?’ ಎಂದು ಕೇಳುವುದು ಗೇಲಿಯಾಗುತ್ತದೆ. ಅನ್ನ ಕೊಟ್ಟ ನೆಲದಲ್ಲಿ ಕುಳಿತು ಹಾಗೆ ಕೇಳಲು ನನಗೆ ಮನಸ್ಸಾಗುವುದಿಲ್ಲ. ‘ಒಂದೇ ಪಂದ್ಯದಲ್ಲಿ ಎಂಟು ಗೋಲು ಬಿಟ್ಟುಕೊಟ್ಟರೂ, ದೇಶಕ್ಕಾಗಿ 170ಕ್ಕೂ ಹೆಚ್ಚು ಪಂದ್ಯಗಳನ್ನಾಡಿ ಜಗತ್ತಿನಲ್ಲೇ ಮುಂಚೂಣಿಯಲ್ಲಿದ್ದ ಗೋಲ್‌ಕೀಪರ್ ಯಾರು?’ ಎಂದು ಕೇಳಿದರೆ ಮೊಹಮ್ಮದ್ ಅಲ್ ದೆಯಾ ಎಂಬ ಆಟಗಾರನಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ. ಎರಡೂ ಪ್ರಶ್ನೆಗಳ ಹಿಂದಿರುವ ಪಂದ್ಯ ಒಂದೇ.

ಕನ್ನಡ ಸಾಹಿತ್ಯದ ಪ್ರಶ್ನೆಗಳಿಗೆ ಬಂದರೆ ಈ ಸುತ್ತಿನ ನಿಜವಾದ ಸಂಪತ್ತು ತೆರೆದುಕೊಳ್ಳುತ್ತದೆ. ‘ಸರೋವರದ ನೀರಿನಲ್ಲಿ ಅಡಗಿ ಕುಳಿತಿದ್ದರೂ ಕೋಪದಿಂದ ಬೆವರಿದ ಅರಸ ಯಾರು?’ ಎಂಬ ಪ್ರಶ್ನೆಗೆ ಕ್ಯಾಂಪಿನ ಅಣ್ಣಂದಿರು ಕೈಯೆತ್ತುವ ಮೊದಲೇ ‘ದುರ್ಯೋಧನ’ ಎಂದುಬಿಡುತ್ತಾರೆ. ಹತ್ತನೆಯ ಶತಮಾನದ ರನ್ನ ತನ್ನ ಕಾವ್ಯಕ್ಕೆ ‘ಸಾಹಸಭೀಮ ವಿಜಯ’ ಎಂದೂ ಹೆಸರಿಟ್ಟ. ತನ್ನ ಒಡೆಯನಾದ ಚಾಲುಕ್ಯ ಸತ್ಯಾಶ್ರಯನನ್ನು ಗೆದ್ದ ಭೀಮನಿಗೆ ಸಮೀಕರಿಸಿದ. ಆದರೂ ‘ಗದಾಯುದ್ಧ’ ಓದಿದವರ ಮನಸ್ಸಿನಲ್ಲಿ ಉಳಿಯುವವನು ತೊಡೆ ಮುರಿದು ಬಿದ್ದವನೇ. ಅದಕ್ಕೂ ಮೊದಲು, 941ರ ಸುಮಾರಿಗೆ, ಪಂಪ ತನ್ನ ಅರಸ ಅರಿಕೇಸರಿಯನ್ನು ಅರ್ಜುನನಾಗಿ ನಿಲ್ಲಿಸಿ ಕಾವ್ಯ ಬರೆದ. ಕರ್ಣನ ಮೇಲಿನ ಪ್ರೀತಿಯನ್ನು ಮಾತ್ರ ಮುಚ್ಚಿಡಲಿಲ್ಲ. ಆಶ್ರಯದಾತ ಗೆದ್ದವನ ಪಕ್ಷ, ಕವಿಯ ಒಲವು ಸೋತವನ ಕಡೆ. ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ದುರಂತ ನಾಟಕವೊಂದನ್ನು 1929ರಲ್ಲಿ ಕನ್ನಡಕ್ಕೆ ತಂದಾಗ ಆರಿಸಿಕೊಂಡ ಹೆಸರು ‘ಅಶ್ವತ್ಥಾಮನ್’. ಅವನೂ ಸೋತ ಪಕ್ಷದವನೇ.

ಮಕ್ಕಳಿಗೆ ಪ್ರಿಯನಾದವನು ಉತ್ತರಕುಮಾರ. ರಣರಂಗದಿಂದ ರಥ ಬಿಟ್ಟು ಓಡಿದವನ ಕಥೆ ಹೇಳಿ, ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ಬಿಡಿಸಿದರೆ ಅದು ಅವರ ಬಾಯಿಗೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಅರಬ್ಬಿ. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ. ಅಂಥವರಿಗೆ ಶಿವರಾಮ ಕಾರಂತರ ಚೋಮನ ಪರಿಚಯವಾಗುವುದು ಇಂಥದೊಂದು ಪ್ರಶ್ನೆಯಿಂದಲೇ. ಬೇಸಾಯ ಮಾಡಬೇಕೆಂಬ ಒಂದೇ ಆಸೆ ಕೈಗೂಡದೆ ಮನೆಯಲ್ಲಿ ದುಡಿ ಬಾರಿಸುತ್ತ ಕೊನೆಯುಸಿರೆಳೆದವನು ಯಾರು ಎಂದು ಕೇಳಿದ ದಿನ ಹತ್ತು ವರ್ಷದ ಹುಡುಗಿಯೊಬ್ಬಳು, ‘ಅಂಕಲ್, ಅವನಿಗೆ ಯಾಕೆ ಭೂಮಿ ಕೊಡಲಿಲ್ಲ?’ ಎಂದು ಕೇಳಿದಳು. ಅಂಕ ಬರೆಯುವವರು ಪೆನ್ನು ಕೆಳಗಿಟ್ಟರು. ಜಾತಿ ಎಂದರೇನು ಎಂಬುದನ್ನು ದಮ್ಮಾಮಿನಲ್ಲಿ ಬೆಳೆದ ಮಗುವಿಗೆ ವಿವರಿಸುವುದು ಸುಲಭವಲ್ಲ; ಅಂದು ಉಳಿದ ಪ್ರಶ್ನೆಗಳನ್ನು ಕೈಬಿಟ್ಟು ಅದನ್ನೇ ಮಾತಾಡಿದೆವು. ‘ಚೋಮನ ದುಡಿ’ ಪ್ರಕಟವಾದ 1933ರಿಂದ ಇಂದಿನವರೆಗೆ ಆ ಪ್ರಶ್ನೆಗೆ ಧಾರ ಕಡಿಮೆಯಾಗಿಲ್ಲ.

ಈ ನೆಲಕ್ಕೂ ತನ್ನದೇ ಆದ ಸೋತ ನಾಯಕನಿದ್ದಾನೆ. ರಿಯಾದ್‌ನ ದಕ್ಷಿಣಕ್ಕೆ ಅಲ್ ಅಫ್ಲಾಜ್ ಪ್ರಾಂತ್ಯದಲ್ಲಿ ಲೈಲಾ ಎಂಬ ಪಟ್ಟಣವಿದೆ. ಪ್ರೀತಿಸಿದವಳು ದಕ್ಕದೆ ಮರಳುಗಾಡಿನಲ್ಲಿ ಅಲೆದು ‘ಮಜ್ನೂನ್’, ಅಂದರೆ ಹುಚ್ಚ, ಎನಿಸಿಕೊಂಡ ಕವಿ ಕೈಸ್ ಆ ಸೀಮೆಯವನೆಂಬುದು ಇಲ್ಲಿನ ಪರಂಪರೆಯ ನಂಬಿಕೆ. ಲೈಲಾಳನ್ನು ಮದುವೆಯಾದವನ ಹೆಸರು ಕೇಳಿದರೆ ಉತ್ತರಿಸುವವರು ವಿರಳ.

2017ರ ಜುಲೈಯಿಂದ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷ ವರ್ಷ ಏರಿ 2020ರಲ್ಲಿ 400 ತಲುಪಿತು. ಹೆಂಡತಿ, ಮೂವರು ಮಕ್ಕಳಿದ್ದವರಿಗೆ ಅದು ತಿಂಗಳಿಗೆ 1,600 ರಿಯಾಲ್. ಹಲವರು ಸಂಸಾರವನ್ನು ಊರಿಗೆ ಕಳುಹಿಸಿ ತಾವು ಬ್ಯಾಚುಲರ್‌ಗಳಾದರು. ಕೆಲವರು ‘ಫೈನಲ್ ಎಕ್ಸಿಟ್’ ಹೊಡೆಸಿಕೊಂಡು ಹೊರಟೇಬಿಟ್ಟರು. ನಮ್ಮ ಎಂಟು ತಂಡಗಳು ಐದಾದವು. ಬಿಟ್ಟುಹೋದವರು ಸೋತವರೇ ಎಂದು ಒಬ್ಬರು ಕೇಳಿದ್ದುಂಟು; ನನಗೆ ಹಾಗೆ ಅನ್ನಿಸಿಲ್ಲ. ಊರಿಗೆ ಹೋದ ಮಕ್ಕಳು ಈಗ ಕನ್ನಡ ಓದುತ್ತಿದ್ದಾರೆ.

ಚೋಮನ ಬಗ್ಗೆ ಕೇಳಿದ ಹುಡುಗಿಯೂ ಹಾಗೆ ಹೋದವಳೇ. ಈಗ ಉಡುಪಿಯಲ್ಲಿ ಅಜ್ಜನ ಮನೆಯಲ್ಲಿದ್ದಾಳೆ. ಕಳೆದ ತಿಂಗಳ ಕೂಟಕ್ಕೆ ಅವಳು ಅಜ್ಜನನ್ನು ಕೇಳಿ ಒಂದು ಪ್ರಶ್ನೆ ಬರೆದು ಕಳುಹಿಸಿದ್ದಳು, ತನ್ನದೇ ಕನ್ನಡ ಅಕ್ಷರದಲ್ಲಿ: ‘ಮೊದಲ ಇನ್ನಿಂಗ್ಸ್‌ನಲ್ಲಿ 705 ರನ್ ಹೊಡೆದೂ ರಣಜಿ ಟ್ರೋಫಿ ಕಳೆದುಕೊಂಡ ತಂಡ ಯಾವುದು?’ 1981–82ರ ಸಾಲಿನ ಫೈನಲ್ ಅದು. ಕರ್ನಾಟಕದ ಮೊತ್ತಕ್ಕೆ ಉತ್ತರವಾಗಿ ದೆಹಲಿಯ ಎಂಟು ವಿಕೆಟ್ ಬಿದ್ದಾಗ ಇನ್ನೂ ನೂರಕ್ಕೂ ಹೆಚ್ಚು ರನ್ ಬೇಕಿತ್ತು. ರಾಕೇಶ್ ಶುಕ್ಲಾ, ರಾಜೇಶ್ ಪೀಟರ್ ಎಂಬಿಬ್ಬರು ಕದಲದೆ ನಿಂತು 8 ವಿಕೆಟ್‌ಗೆ 707 ಮಾಡಿ ಟ್ರೋಫಿ ಒಯ್ದರು. ಐದು ತಂಡಗಳಲ್ಲಿ ನಾಲ್ಕು ‘ಪಾಸ್’ ಎಂದವು. ಕೊನೆಯ ತಂಡದಲ್ಲಿದ್ದ ಅವಳ ಅಪ್ಪ ಉತ್ತರ ಹೇಳಿದರು. ಹಿಂದಿನ ರಾತ್ರಿ ಮಗಳು ಫೋನಿನಲ್ಲಿ ಬಾಯಿಬಿಟ್ಟಿರಬೇಕೆಂದು ಉಳಿದವರು ತಕರಾರು ತೆಗೆದರು. ಅಂಕ ಕೊಡಬೇಕೋ ಬೇಡವೋ ಎಂಬ ಚರ್ಚೆ ಊಟದವರೆಗೂ ನಡೆಯಿತು.