ಮೂತಿ ತಗ್ಗಿಸಿದ ಬೀಟಲ್

ಫೋಕ್ಸ್‌ವ್ಯಾಗನ್ ಬೀಟಲ್ ಕಾರುಗಳು ಒಟ್ಟು ತಯಾರಾದದ್ದು 2.15 ಕೋಟಿಗೂ ಹೆಚ್ಚು. 2003ರ ಜುಲೈನಲ್ಲಿ ಮೆಕ್ಸಿಕೊದ ಪ್ವೆಬ್ಲಾ ಕಾರ್ಖಾನೆಯಿಂದ ಕೊನೆಯದು ಹೊರಬಂತು. ಎಲ್ಲಿ ನೋಡಿದರೂ ಅದೇ ಮುಖ ಎಂದಾಗ, ನನ್ನದು ಬೇರೆ ಕಾಣಬೇಕು ಎಂಬ ಹಟ ಹುಟ್ಟುವುದು ಸಹಜ. 1960ರ ದಶಕದ ಕೊನೆಯಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯ ತರುಣರು ಆ ಹಟಕ್ಕೆ ಒಂದು ರೂಪ ಕೊಟ್ಟರು. ಬಂಪರ್ ತೆಗೆದರು, ಕ್ರೋಮ್ ಪಟ್ಟಿ ಕಿತ್ತರು, ಎಂಜಿನ್ನಿಗೆ ಬಲ ತುಂಬಿದರು, ಮುಂಭಾಗವನ್ನು ನೆಲದತ್ತ ತಗ್ಗಿಸಿದರು. 1975ರಲ್ಲಿ ‘ಹಾಟ್ ವಿಡಬ್ಲ್ಯೂಸ್’ ಪತ್ರಿಕೆಯ ಮೂಲಕ ಈ ಶೈಲಿ ‘ಕ್ಯಾಲಿಫೋರ್ನಿಯಾ ಲುಕ್’ ಎಂದು ಮನೆಮಾತಾಯಿತು.

ಬೀಟಲ್‌ನ ಮುಂಭಾಗ ಇಳಿಸಲು ಸ್ಪ್ರಿಂಗ್ ಕತ್ತರಿಸೋಣವೆಂದರೆ ಅಲ್ಲಿ ಸುರುಳಿ ಸ್ಪ್ರಿಂಗೇ ಇಲ್ಲ. ಫರ್ಡಿನಾಂಡ್ ಪೋರ್ಷೆ ಅವರ ವಿನ್ಯಾಸದಲ್ಲಿ ಕಾರಿನ ಅಡ್ಡಕ್ಕೆ, ಒಂದರ ಮೇಲೊಂದರಂತೆ ಎರಡು ಉಕ್ಕಿನ ಕೊಳವೆಗಳಿವೆ. ಎರಡರ ಒಳಗೂ ತೆಳು ಉಕ್ಕಿನ ಪಟ್ಟಿಗಳ ಕಟ್ಟು. ಕಟ್ಟಿನ ನಡುಭಾಗವನ್ನು ಒಂದು ಸ್ಕ್ರೂ ಕದಲದಂತೆ ಹಿಡಿದಿರುತ್ತದೆ. ಎರಡು ತುದಿಗಳು ಚಕ್ರ ಹೊತ್ತ ತೋಳುಗಳಿಗೆ ಸೇರಿರುತ್ತವೆ. ಚಕ್ರ ಗುಂಡಿಗೆ ಬಿದ್ದೆದ್ದಾಗ ತೋಳು ಏರಿಳಿದು ಪಟ್ಟಿಗಳು ತಿರುಚಿಕೊಳ್ಳುತ್ತವೆ, ಮತ್ತೆ ಬಿಡಿಸಿಕೊಳ್ಳುತ್ತವೆ. ಆ ತಿರುಚುವಿಕೆಯೇ ಇಲ್ಲಿ ಸ್ಪ್ರಿಂಗ್. (ಇದು ಸಾಮಾನ್ಯ ಬೀಟಲ್ ಮಾತು. 1970ರ ನಂತರದ ಸೂಪರ್ ಬೀಟಲ್‌ನದು ಬೇರೆಯೇ ವ್ಯವಸ್ಥೆ.)

ಹಾಗಾಗಿ ಇಳಿಸುವ ಗುಟ್ಟು ಆ ನಡುವಿನ ಸ್ಕ್ರೂವಿನಲ್ಲಿದೆ. ಕೊಳವೆಯ ನಡುಭಾಗವನ್ನು ಕತ್ತರಿಸಿ, ಹಿಡಿತದ ಜಾಗವನ್ನು ಸ್ವಲ್ಪ ತಿರುಗಿಸಿ ಕೂರಿಸಿದರೆ ತೋಳುಗಳ ಕೋನ ಬದಲಾಗಿ ಕಾರು ಕೆಳಗಿಳಿಯುತ್ತದೆ. ಅಲ್ಲಿಯೇ ಹಲ್ಲುಗಳಿರುವ ಅಡ್ಜಸ್ಟರ್ ಬೆಸೆದುಬಿಟ್ಟರೆ ಮುಂದೆ ಬೇಕೆಂದಾಗ ಎತ್ತರ ಬದಲಿಸಬಹುದು. ವೆಲ್ಡಿಂಗ್‌ಗೆ ಮೊದಲು ಪಟ್ಟಿಗಳನ್ನು ಹೊರಗೆಳೆಯಲೇಬೇಕು. ಕಾವು ತಗುಲಿದ ಸ್ಪ್ರಿಂಗ್ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ. ಇನ್ನೊಂದು ದಾರಿ ‘ಡ್ರಾಪ್ ಸ್ಪಿಂಡಲ್’. ಇದರಲ್ಲಿ ಚಕ್ರ ಕೂರುವ ಅಚ್ಚನ್ನೇ ಸುಮಾರು ಎರಡೂವರೆ ಇಂಚು ಮೇಲಕ್ಕೆ ಸರಿಸಿರುತ್ತಾರೆ. ಪಟ್ಟಿಗಳನ್ನು ಮುಟ್ಟದ ಕಾರಣ ಕಾರಿನ ಓಟದ ಮೆದುತನ ಉಳಿಯುತ್ತದೆ. ಆದರೆ ಚಕ್ರ ತುಸು ಹೊರಚಾಚಿ ಮಡ್‌ಗಾರ್ಡ್‌ಗೆ ಉಜ್ಜತೊಡಗುತ್ತದೆ. ಅದಕ್ಕೆ ಕಿರಿದಾದ ಟೈರ್ ಹಾಕಬೇಕು, ಇಲ್ಲವೇ ಕೊಳವೆಗಳನ್ನೇ ಗಿಡ್ಡ ಮಾಡಬೇಕು.

ಕಾರು ಇಳಿದ ಮೇಲೆಯೇ ನಿಜವಾದ ಕೆಲಸ ಶುರು. ಕಾರ್ಖಾನೆ ಕೊಟ್ಟಿದ್ದ ಎತ್ತರ ಸದ್ದಿಲ್ಲದೆ ಹತ್ತು ಕೆಲಸ ಮಾಡುತ್ತಿತ್ತು. ಅದನ್ನು ಕಿತ್ತುಕೊಂಡವರು ಆ ಹತ್ತಕ್ಕೂ ಬೇರೆ ಏರ್ಪಾಡು ಮಾಡಬೇಕು. ಅಡ್ಜಸ್ಟರ್‌ನಿಂದ ಇಳಿಸಿದರೆ ತೋಳು ಮೇಲೇರಲು ಜಾಗ ಕಡಿಮೆಯಾಗಿ, ಸಣ್ಣ ಉಬ್ಬಿಗೂ ರಬ್ಬರ್ ತಡೆಗೆ ಬಡಿಯುತ್ತದೆ. ಹಳೆಯ ಶಾಕ್ ಅಬ್ಸಾರ್ಬರ್ ಪೂರ್ತಿ ಒತ್ತಿಕೊಂಡು ಹಾಳಾಗುವುದರಿಂದ ಗಿಡ್ಡದ್ದು ಬೇಕು. ಸ್ಟೀರಿಂಗ್‌ನ ಟೈ ರಾಡ್ ಎಲ್ಲಿಯೂ ತಗುಲುತ್ತಿಲ್ಲವೇ ಎಂದು ನೋಡಬೇಕು. 1966ರ ಮಾದರಿಯಿಂದ ಬಂದ ಬಾಲ್ ಜಾಯಿಂಟ್‌ಗಳು ಒಂದು ಮಿತಿ ದಾಟಿದರೆ ಬಿಗಿದುಕೊಳ್ಳುತ್ತವೆ; ಅದಕ್ಕೂ ಹಿಂದಿನ ಕಿಂಗ್‌ಪಿನ್ ಮಾದರಿ ಇನ್ನಷ್ಟು ಇಳಿತ ತಾಳುತ್ತದೆ.

ಎಲ್ಲಕ್ಕಿಂತ ಮುಖ್ಯ ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವುದು ಹ್ಯಾಂಡಲ್ ತಾನಾಗಿ ನೆಟ್ಟಗಾಗಲು ನೆರವಾಗುತ್ತದೆ. ಕಾರಿನ ಮುಂಚಕ್ರಕ್ಕೂ ಅಂಥದೇ ವಾಲು ಇದೆ; ಅದೇ ಕ್ಯಾಸ್ಟರ್. ಮುಂಭಾಗವನ್ನಷ್ಟೇ ಇಳಿಸಿದಾಗ ಇಡೀ ಕಾರು ಮುಗ್ಗರಿಸಿ ನಿಂತು ಆ ವಾಲು ಕರಗುತ್ತದೆ. ಎಂಜಿನ್ ಹಿಂದಿರುವ ಬೀಟಲ್‌ನ ಮುಂಭಾಗ ಮೊದಲೇ ಹಗುರ. ಹೆದ್ದಾರಿಯಲ್ಲಿ ವೇಗ ಹಿಡಿದೊಡನೆ ಕಾರು ಅತ್ತಿತ್ತ ಅಲೆಯತೊಡಗುತ್ತದೆ. ಪರಿಹಾರ ಅಗ್ಗದ್ದು: ಕೆಳಗಿನ ಕೊಳವೆಗೂ ಚಾಸಿಸ್‌ಗೂ ನಡುವೆ ತೆಳುವಾದ ಶಿಮ್ ತುಂಡುಗಳನ್ನಿಟ್ಟು ಕೊಳವೆಯನ್ನು ತುಸು ಮುಂದಕ್ಕೆ ದೂಡುವುದು. ಕೊನೆಗೆ ವೀಲ್ ಅಲೈನ್‌ಮೆಂಟ್ ಕಡ್ಡಾಯ.

ಎಷ್ಟು ಇಳಿಸಬಹುದು? ಟೈರಿನ ಗಾಳಿ ಪೂರ್ತಿ ಹೋದರೂ ರಿಮ್‌ಗಿಂತ ಮೊದಲು ಬೇರಾವ ಭಾಗವೂ ನೆಲ ಮುಟ್ಟಬಾರದು ಎಂಬುದು ಬಲ್ಲವರ ಲೆಕ್ಕ. ಕಾರಿನ ಮೈ ರಿಮ್‌ಗಿಂತ ಕೆಳಗಿಳಿಯಬಾರದೆಂದು ಕ್ಯಾಲಿಫೋರ್ನಿಯಾ 1950ರ ದಶಕದ ಕೊನೆಯಲ್ಲೇ ಕಾನೂನು ಮಾಡಿತ್ತು. ಅದು ರದ್ದಾದದ್ದು 2024ರ ಜನವರಿಯಿಂದ. ನಮ್ಮಲ್ಲಾದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡುಗಳಿಗೆ ಅಡ್ಡ ನಿಲ್ಲುತ್ತದೆ.

ಹಳೆಯ ಕಾರಿನ ಮೂಲರೂಪ ಕೆಡಿಸಬಾರದು ಎನ್ನುವವರ ತಕರಾರೂ ನ್ಯಾಯವೇ. ಆದರೆ ಇಡೀ ಕೊಳವೆ ಜೋಡಿ ಚಾಸಿಸ್‌ಗೆ ಕೂತಿರುವುದು ನಾಲ್ಕು ದಪ್ಪ ಬೋಲ್ಟ್‌ಗಳಲ್ಲಿ. ಅದಕ್ಕೇ ಜಾಣರು ಕಾರಿನ ಜೊತೆ ಬಂದ ಕೊಳವೆಗೆ ಗರಗಸ ಹಚ್ಚುವುದಿಲ್ಲ. ಗುಜರಿಯಿಂದ ಇನ್ನೊಂದನ್ನು ತಂದು, ಅದನ್ನೇ ಕತ್ತರಿಸಿ, ಬೆಸೆದು, ಜೋಡಿಸುತ್ತಾರೆ. ಮೂಲದ್ದಕ್ಕೆ ಎಣ್ಣೆ ಸವರಿ ತೆಗೆದಿಡುತ್ತಾರೆ. ಮುಂದೊಂದು ದಿನ ಕಾರು ಕೊಳ್ಳುವವರಿಗೆ ಎತ್ತರದ ಬೀಟಲ್ಲೇ ಬೇಕೆನಿಸಿದರೆ ಆ ಮೂಲ ಕೊಳವೆಯನ್ನೇ ಮರಳಿ ಜೋಡಿಸಬಹುದು.