ಅಪ್ಪನ ರಿಸೀವರ್, ನನ್ನ ಹೆಡ್‌ಫೋನ್

ಅಟ್ಟದ ಮೇಲಿದ್ದ ಅಪ್ಪನ ಹಳೇ ಸ್ಟೀರಿಯೊ ರಿಸೀವರನ್ನು ಅಮ್ಮ ಗುಜರಿಗೆ ಹಾಕೋಕೆ ಹೊರಟಿದ್ದರು. ತಡೆದು ಬೆಂಗಳೂರಿಗೆ ತಂದೆ. ಪಕ್ಕದ ಮನೇಲಿ ಎಳೇ ಮಗು, ರಾತ್ರಿ ಸ್ಪೀಕರ್ ಹಾಕೋ ಹಾಗಿಲ್ಲ. ಮುಂದುಗಡೆಯ 6.35 ಎಂಎಂ ಜ್ಯಾಕಿಗೆ ನನ್ನ 32 ಓಮ್ ಹೆಡ್‌ಫೋನ್ ಚುಚ್ಚಿದೆ. ಬಾಸ್ ಉಬ್ಬಿಕೊಂಡು ಹಾಡುವವರ ದನಿಯೇ ಮಸುಕು. ಕೆಟ್ಟಿದೆ ಅಂದುಕೊಂಡೆ.

ಕೆಟ್ಟಿರಲಿಲ್ಲ. ಇಂಥ ಹಳೇ ರಿಸೀವರ್‌ಗಳಲ್ಲಿ ಬಹಳಷ್ಟಕ್ಕೆ ಹೆಡ್‌ಫೋನಿಗೆಂದು ಬೇರೆ ಆಂಪ್ಲಿಫೈಯರ್ ಇರೋದಿಲ್ಲ. ಸ್ಪೀಕರಿಗೆ ಹೋಗೋ ಸಿಗ್ನಲ್‌ಗೇ ನೂರಾರು ಓಮ್‌ನ ರೆಸಿಸ್ಟರ್ ಅಡ್ಡ ಇಟ್ಟು ಜ್ಯಾಕಿಗೆ ಬಿಟ್ಟಿರ್ತಾರೆ. ಅದರ ಮುಂದೆ 32 ಓಮ್ ತೀರಾ ಕಡಿಮೆ, ಡ್ರೈವರ್ ಮೇಲಿನ ಹಿಡಿತ ಸಡಿಲವಾಗುತ್ತೆ. ಗೆಳೆಯನ 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 600 ಹಾಕಿದ್ದೇ ತಡ, ತಂಬೂರಿ ತಂತಿ ತಂತಿಯಾಗಿ ಕೇಳಿಸ್ತು. (ಚುಚ್ಚೋ ಮೊದಲು ವಾಲ್ಯೂಮ್ ಸೊನ್ನೆಗಿಳಿಸಿ. ನಾನು ಒಮ್ಮೆ ಮರೆತು ಬೆಚ್ಚಿಬಿದ್ದಿದ್ದೇನೆ.)

ಹೋದ ವಾರ ಅಪ್ಪ ಬಂದಿದ್ದರು. ಹೆಡ್‌ಫೋನ್ ಹಾಕಿ ಕೂರಿಸಿದೆ. ಊಟಕ್ಕೆ ಕರೆದರೂ ಏಳಲಿಲ್ಲ.