ಎರೆ ಹೊಲದಲ್ಲಿ ಕೇಳಿದ ಎಂಜಿನ್

ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ಆರಕ್ಕೆ ಕೂತರೆ ಮೊದಲು ಕಣ್ಣಿಗೆ ಬೀಳುವುದು ಹದ್ದುಗಳು. ಹದ್ದು ರೆಕ್ಕೆ ಬಡಿಯುವುದನ್ನು ಬೆರಳು ಮಡಚಿ ಎಣಿಸಬಹುದು. ಒಂದು, ಎರಡು, ಮೂರು. ಆಮೇಲೆ ರೆಕ್ಕೆ ಚಾಚಿ ತೇಲಿಬಿಡುತ್ತದೆ. ಅಷ್ಟರಲ್ಲಿ ದಂಡೆಯ ಗಿಡಕ್ಕೆ ಒಂದು ಊದಾ ಸೂರಕ್ಕಿ ಬಂತು. ಕೊಕ್ಕಿನಿಂದ ಬಾಲದ ತುದಿಯವರೆಗೆ ಅಳೆದರೂ 10 ಸೆಂಟಿಮೀಟರ್ ಆಗುವ ಹಕ್ಕಿ. ಹೂವಿನ ಮುಂದೆ ಕ್ಷಣಹೊತ್ತು ಗಾಳಿಯಲ್ಲೇ ನಿಂತಿತು. ಅದರ ರೆಕ್ಕೆ ಕಾಣಲಿಲ್ಲ, ರೆಕ್ಕೆ ಇರಬೇಕಾದ ಕಡೆ ಮಬ್ಬು ಮಾತ್ರ ಕಂಡಿತು.

ದೊಡ್ಡದು ನಿಧಾನ, ಸಣ್ಣದು ಚುರುಕು ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಹಕ್ಕಿ ನೋಡುವವರಿಗೆಲ್ಲ ಗೊತ್ತಿರುವ ಮಾತು ಇದು. ಆ ವಾರ ಅದನ್ನು ಮತ್ತೆ ಬರೆಯಲು ಕಾರಣ ಅಣ್ಣನ ಮಗನ ಕಾರು.

ಅವನದು ಹಳೆಯ ಕಾರು. ಸುತ್ತು ಏರಿದಂತೆಲ್ಲ ಹುರುಪಾಗುವ ಎಂಜಿನ್ನು. ಕಮಲಾಪುರ ದಾಟಿ ಹುಮನಾಬಾದ್ ಕಡೆ ಹೋಗುವಾಗ, ನಾಲ್ಕು ಮಂದಿ ಕೂತಿದ್ದರೆ ಅದು ಏದುಸಿರು ಬಿಡುತ್ತದಂತೆ. "ಕಾಕಾ, ಏರಿನ್ಯಾಗ ಗಾಡಿಗೆ ದಮ್ಮೇ ಇಲ್ಲ. ಬೋರ್ ಮಾಡಿಸಿ ಸಿಸಿ ಜಾಸ್ತಿ ಮಾಡಸ್ಬೇಕಂತೀನಿ" ಅಂದ. ಪುಸ್ತಕದಲ್ಲಿ ಟಾರ್ಕ್ ಎಂದಿರುವುದಕ್ಕೆ ನಮ್ಮ ಗ್ಯಾರೇಜುಗಳಲ್ಲಿ ದಮ್ಮು ಅನ್ನುತ್ತಾರೆ, ಪಿಕಪ್ ಅನ್ನುತ್ತಾರೆ.

ಇಬ್ಬರೂ ಊರಿನ ಒಂದು ಲೇತ್ ಅಂಗಡಿಗೆ ಹೋದೆವು. ಬಿಚ್ಚಿಟ್ಟ ಸಿಲಿಂಡರ್ ಬ್ಲಾಕಿನ ಒಳಗೋಡೆಗೆ ಟಾರ್ಚ್ ಬಿಟ್ಟು ಮೇಸ್ತ್ರಿ ತೋರಿಸಿದರು. ಸವೆದ ಗೋಡೆಯನ್ನು ಕಾಲು, ಅರ್ಧ, ಮುಕ್ಕಾಲು, ಹೆಚ್ಚೆಂದರೆ 1 ಮಿಲಿಮೀಟರ್ ಕೊರೆದು ಓವರ್‌ಸೈಜ್ ಪಿಸ್ಟನ್ ಕೂರಿಸುವುದು ಇಲ್ಲಿನ ರೂಢಿ. ನಾನು ಅಲ್ಲೇ ಲೆಕ್ಕ ಹಾಕಿದೆ. 75 ಮಿ.ಮೀ. ಬೋರನ್ನು, ಅಂದರೆ ಸಿಲಿಂಡರಿನ ಒಳ ಅಗಲವನ್ನು, 76ಕ್ಕೆ ಹಿಗ್ಗಿಸಿದರೆ ಸಿಸಿ ಹೆಚ್ಚುವುದು ಶೇ 3ಕ್ಕಿಂತ ಕಡಿಮೆ. ಅದಕ್ಕಿಂತ ಹೆಚ್ಚು ಬೇಕೆಂದರೆ ಗೋಡೆ ತೆಳುವಾಗುತ್ತದೆ, ಇಲ್ಲವೇ ಕ್ರ್ಯಾಂಕನ್ನೇ ಬದಲಿಸಿ ಪಿಸ್ಟನ್ನಿನ ಓಡಾಟ ಉದ್ದ ಮಾಡಬೇಕು. ಸಿಸಿ ಎಷ್ಟೆಂಬುದು ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಒಪ್ಪಿಗೆ ಇಲ್ಲದೆ ಅದನ್ನು ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ಮೇಸ್ತ್ರಿ ಕೊನೆಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಉಳಿಯಿತು: "ಇದು ರೇಸ್ ಮ್ಯಾಲ ಓಡೋ ಇಂಜಿನ್ ಅದರಿ. ಕೆಳಗ ಏನೂ ಇರಂಗಿಲ್ಲ, ಮ್ಯಾಲ ಎಲ್ಲಾ ಅದ."

ಮರುದಿನ ಅವನ ಕಾರಲ್ಲೇ ಕಮಲಾಪುರಕ್ಕೆ ಹೊರಟೆವು. ಮಿರಗದ ಮಳೆ ಬಿದ್ದು ನೆಲ ಹದಕ್ಕೆ ಬಂದಿತ್ತು. ಹೆದ್ದಾರಿ ಬಿಟ್ಟು ಹೊಲದ ದಾರಿ ಹಿಡಿದ ಕೂಡಲೇ ಚಪ್ಪಲಿಗೆ ಎರೆ ಮಣ್ಣು ಮೆತ್ತಿಕೊಂಡು ಕಾಲು ಭಾರವಾಯಿತು. ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಡುವ ಮಣ್ಣು ಇದು. ನೀರು ಕುಡಿದರೆ ಉಬ್ಬುತ್ತದೆ, ಅಂಟುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ತೊಗರಿ ಬಿತ್ತನೆಗೆ ಮುಂಚೆ ಇದರಲ್ಲಿ ಕುಂಟೆ ಎಳೆಯುವುದು ಎಂಥ ಕೆಲಸವೆಂಬುದು ಎತ್ತಿಗೆ ಗೊತ್ತು.

ಒಂದೇ ಹೊಲದಲ್ಲಿ ಎರಡು ಜೋಡಿ ನಡೆದಿದ್ದವು. ಒಂದು ದೇವಣಿ. ಬೀದರ್, ಲಾತೂರು ಸೀಮೆಯ ತಳಿ. ಬಿಳಿ ಮೈಮೇಲೆ ಕಪ್ಪು ಮಚ್ಚೆ, ಜೋಲು ಕಿವಿ, ತುಂಬಿದ ಎದೆ. ಇನ್ನೊಂದು ಕಿಲಾರಿ. ಬಿಗಿದ ಬೂದುಬಿಳಿ ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಕೊಂಬು, ನಿಂತಲ್ಲೂ ನಿಲ್ಲದ ಕಾಲು. ಬದುವಿನ ಮೇಲೆ ಕೂತು ಒಂದು ತಾಸು ಎಣಿಸಿದೆ. ಕಿಲಾರಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ದೇವಣಿ ಮೂರು. ದೇವಣಿ ಹೆಜ್ಜೆ ಊರಿದಾಗ ನೊಗ ಮುಂದಕ್ಕೆ ಜಗ್ಗುವುದಿಲ್ಲ, ಹೆಗಲ ಮೇಲೆ ಕೂತಂತೆ ಸಾಗುತ್ತದೆ. ಕಿಲಾರಿಯದು ಹಾಗಲ್ಲ, ಗಟ್ಟಿ ಹೆಂಟೆ ಸಿಕ್ಕಾಗ ಒಮ್ಮೆ ತಡೆದು, ಚುರುಕಾಗಿ ಎರಡು ಹೆಜ್ಜೆ ಕಿತ್ತು ದಾಟುತ್ತದೆ. ಎರಡರ ಹಿಂದೆಯೂ ಬೆಳ್ಳಕ್ಕಿಗಳು ಹುಳ ಆರಿಸುತ್ತಿದ್ದವು. ದೇವಣಿಯ ಹಿಂದಿನವು ನಡೆಯುತ್ತಿದ್ದವು, ಕಿಲಾರಿಯ ಹಿಂದಿನವು ಆಗಾಗ ಹಾರಿ ಕೂಡಬೇಕಾಗುತ್ತಿತ್ತು.

ಕಿಲಾರಿಯ ಕುಂಟೆ ಅಗಲದಲ್ಲಿ ಸಣ್ಣದು. ಅಣ್ಣನ ಮಗ ಅದನ್ನು ಗಮನಿಸಿ ಕೇಳಿದ: "ಮುತ್ಯಾ, ಇದಕ್ಯಾಕ ಸಣ್ಣ ಕುಂಟಿ?"

ಕಿಲಾರಿ ಹೊಡೆಯುತ್ತಿದ್ದ ಮುದುಕರು ಬಾರಕೋಲು ಹೆಗಲಿಗೇರಿಸಿ ನಿಂತರು. "ಕಿಲಾರಿಗೆ ದೊಡ್ಡ ಕುಂಟಿ ಕಟ್ಟಿದ್ರ ಹೊತ್ತೇರೂದ್ರಾಗ ನಾಲಿಗಿ ಹೊರಗ ಹಾಕ್ತಾವಪ್ಪಾ. ಸಣ್ಣದು ಕಟ್ಟಬೇಕು, ಜರಾ ಹೆಚ್ಚು ಸುತ್ತ ಹೊಡೀಬೇಕು. ಹೊಲ ಅಷ್ಟೇ ಮುಗೀತದ."

ಹಗ್ಗ ಜಗ್ಗಿ ಅವರು ಮುಂದೆ ಹೋದರು. ಎಂಜಿನ್ ಶಾಸ್ತ್ರದ ಅರ್ಧ ಅಧ್ಯಾಯ ಆ ಮಾತಿನಲ್ಲಿದೆ. ಎಂಜಿನ್ ಕ್ರ್ಯಾಂಕನ್ನು ಎಷ್ಟು ಬಲದಿಂದ ತಿರುಗಿಸುತ್ತದೆ ಎಂಬುದು ಟಾರ್ಕ್; ಆ ಬಲವನ್ನು ಸುತ್ತುಗಳ ವೇಗಕ್ಕೆ ಗುಣಿಸಿದರೆ ಬರುವುದು ಶಕ್ತಿ. ದೊಡ್ಡ ಸಿಲಿಂಡರು ಒಂದು ಗುಟುಕಿಗೆ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು ಕುಡಿಯುತ್ತದೆ, ಒಂದೊಂದು ಹೊಡೆತವೂ ಭಾರ. ಸಣ್ಣದು ಸಣ್ಣ ಗುಟುಕನ್ನೇ ಬೇಗಬೇಗ ಕುಡಿದು ಅಷ್ಟೇ ಕೆಲಸ ಮುಗಿಸುತ್ತದೆ.

ಹೊಲದಾಚೆಯ ತಗ್ಗಿನಲ್ಲಿ ಕಮಲಾಪುರದ ಕೆಂಪು ಬಾಳೆಯ ತೋಟ. ಗೊನೆ ಕೈಗೆ ಬರಲು ಒಂದೂವರೆ ವರ್ಷದ ಹತ್ತಿರ ಹಿಡಿಯುವ ಬೆಳೆ. ತೋಟದೊಳಗೆ ಬಿಸಿಲು ಕಡಿಮೆ, ಸದ್ದು ಸ್ಪಷ್ಟ. ಬಾಳೆಹೂವಿನ ಎಸಳು ಮಗುಚಿದ ಕಡೆ ತುಡುವೆ ಜೇನುಗಳು ನೆರೆದಿದ್ದವು. ಎಳೆದ ತಂತಿಯಂಥ ಸಣ್ಣ ದನಿ. ಬೇಲಿಯ ಒಣ ಕಂಬದಲ್ಲಿ ತೂತು ಕೊರೆಯುತ್ತಿದ್ದ ಕರಿ ಭ್ರಮರದ್ದು ಎದೆಯೊಳಗೆ ಕೇಳುವ ದಪ್ಪ ದನಿ. ಕಣ್ಣು ಮುಚ್ಚಿದರೂ ಯಾವುದು ದೊಡ್ಡದೆಂದು ಹೇಳಬಹುದು. ಸಾಮಾನ್ಯ ಜೇನುನೊಣ ಸೆಕೆಂಡಿಗೆ ಸುಮಾರು 230 ಸಲ ರೆಕ್ಕೆ ಬಡಿಯುತ್ತದೆ.

ಆ ದನಿ ಕೇಳುವಾಗ ನನಗೆ ನೆನಪಾದದ್ದು ಜಪಾನಿನ ಹೊಂಡಾ ಎಸ್2000. 1999ರಲ್ಲಿ ಬಂದ ಎರಡು ಸೀಟಿನ ತೆರೆದ ಕಾರು. 1997 ಸಿಸಿ, ನಾಲ್ಕು ಸಿಲಿಂಡರು, ನಿಮಿಷಕ್ಕೆ ಸುಮಾರು 9000 ಸುತ್ತು. ಆ ವೇಗದಲ್ಲಿ ಅದರೊಳಗೆ ಸೆಕೆಂಡಿಗೆ 300 ಸ್ಫೋಟ. ಜೇನಿನ ದನಿಗಿಂತ ಒಂದಿಷ್ಟು ಮೇಲಿನ ಶ್ರುತಿ. ಕೆಳಗಿನ ಸುತ್ತುಗಳಲ್ಲಿ ದಮ್ಮು ಸಾಲದೆಂಬ ಮಾತು ಆ ಕಾರಿನ ಬಗೆಗೂ ಇತ್ತು. 2004ರಲ್ಲಿ ಅಮೆರಿಕದ ಮಾರುಕಟ್ಟೆಗೆ ಹೊಂಡಾ ಕಂಪನಿಯೇ ಎಂಜಿನ್ನನ್ನು 2157 ಸಿಸಿಗೆ ಏರಿಸಿತು. 87 ಮಿ.ಮೀ. ಬೋರ್ ಹಾಗೇ ಉಳಿಯಿತು, ಪಿಸ್ಟನ್ನಿನ ಓಡಾಟ 84ರಿಂದ 90.7 ಮಿ.ಮೀ.ಗೆ ಉದ್ದವಾಯಿತು. ಟಾರ್ಕ್ 207ರಿಂದ 220 ನ್ಯೂಟನ್ ಮೀಟರ್‌ಗೆ ಹೆಚ್ಚಿತು. 7500 ಸುತ್ತಿಗೆ ಸಿಗುತ್ತಿದ್ದ ತುಂಬು ಬಲ 6500ಕ್ಕೇ ಸಿಕ್ಕಿತು. ಆದರೆ ಸುತ್ತಿನ ಮಿತಿ 8000ಕ್ಕೆ ಇಳಿಯಿತು. ಅಶ್ವಶಕ್ತಿ ಮೊದಲೂ 240, ಆಮೇಲೂ 240.

ಮಿತಿ ಇಳಿದದ್ದು ಯಾಕೆಂದು ಪಿಸ್ಟನ್ನಿನ ಸರಾಸರಿ ವೇಗ ನೋಡಿದರೆ ತಿಳಿಯುತ್ತದೆ. ಹಳೆಯದರಲ್ಲಿ ಅದು ಸೆಕೆಂಡಿಗೆ 25 ಮೀಟರ್, ಹೊಸದರಲ್ಲಿ 24. ಓಡಾಟ ಉದ್ದವಾದರೆ ಅದೇ ಸುತ್ತಿಗೆ ಪಿಸ್ಟನ್ ಇನ್ನೂ ವೇಗವಾಗಿ ಓಡಬೇಕು, ಲೋಹ ತಡೆಯುವುದು ಇಷ್ಟೇ ವೇಗವನ್ನು. ಬೋರ್ ಹಿಗ್ಗಿಸಿದರೆ ಈ ಕಟ್ಟು ಸಡಿಲ. ಟೊಯೋಟಾ ಮತ್ತು ಸುಬಾರು ಜೊತೆಗೂಡಿ ಮಾಡಿದ ಕಾರಿನಲ್ಲಿ ಬೋರನ್ನು 86ರಿಂದ 94 ಮಿ.ಮೀ. ಮಾಡಿ 1998 ಸಿಸಿಯನ್ನು 2387ಕ್ಕೆ ಒಯ್ದರು. ಟಾರ್ಕ್ 205ರಿಂದ 250 ಆಯಿತು, ಸುತ್ತಿನ ಮಿತಿ ಇಳಿಯಲಿಲ್ಲ. ಅಷ್ಟು ಅಗಲಕ್ಕೆ ಎಂಜಿನ್ನನ್ನೇ ಹೊಸದಾಗಿ ರೂಪಿಸಬೇಕಾಯಿತು. ಹಳೆಯ ಬ್ಲಾಕನ್ನು ಲೇತಿಗೆ ಕೊಟ್ಟು ಆಗುವ ಕೆಲಸ ಅದಲ್ಲ.

ಜೀವಿಗಳಿಗೂ ಇಂಥದೇ ಲಗಾಮಿದೆ. ಸ್ನಾಯುಗಳ ಅಧ್ಯಯನಕ್ಕೆ 1922ರ ನೊಬೆಲ್ ಪಡೆದ ಎ.ವಿ. ಹಿಲ್, 1950ರಲ್ಲಿ ಇದನ್ನು ಬಿಡಿಸಿ ಬರೆದರು. ಸ್ನಾಯುವಿನ ಎಳೆತ ಅದರ ದಪ್ಪಕ್ಕೆ ತಕ್ಕಂತೆ. ಒಂದೇ ಮಾಟದ ದೇಹಗಳಲ್ಲಿ, ದೊಡ್ಡದಿರಲಿ ಸಣ್ಣದಿರಲಿ, ಕೈಕಾಲಿನ ತುದಿ ತಲುಪಬಹುದಾದ ವೇಗ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅಂಗ ಉದ್ದವಾದಷ್ಟೂ ಬಡಿತ ನಿಧಾನವಾಗುತ್ತದೆ. ಅಪ್ಪನ ಕೆರೆಯ ಹದ್ದು ಮತ್ತು ಸೂರಕ್ಕಿ, ತೋಟದ ತುಡುವೆ ಮತ್ತು ಭ್ರಮರ, 84 ಮಿಲಿಮೀಟರಿನ ಪಿಸ್ಟನ್ ಓಡಾಟ ಮತ್ತು 90.7ರದ್ದು, ಎಲ್ಲವೂ ತೂಗುವುದು ಒಂದೇ ತಕ್ಕಡಿಯಲ್ಲಿ. ಹದ್ದಿನ ರೆಕ್ಕೆಯನ್ನು ಸೂರಕ್ಕಿಯ ಚುರುಕಿನಲ್ಲಿ ಬಡಿಯುವ ಹಕ್ಕಿಯನ್ನು ಯಾರೂ ಕಂಡಿಲ್ಲ.

ಹೊತ್ತು ಇಳಿದಾಗ ಕಿಣ್ಣಿ ಸಡಕ್ ಕಡೆ ಹೊರಟೆವು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಹುಮನಾಬಾದ್ 600ಕ್ಕೂ ಮೇಲೆ. ನಡುವಿನ ದಾರಿ ಏರಲೇಬೇಕು. ತುಂಬಿದ ಲಾರಿಗಳು ನಮ್ಮ ಮುಂದೆ ದೇವಣಿಯ ಹಾಗೆ, ಸದ್ದು ಬದಲಿಸದೆ ಏರುತ್ತಿದ್ದವು. ಏರು ಶುರುವಾದಲ್ಲಿ ನಮ್ಮ ಕಾರಿನ ದನಿ ಕುಗ್ಗಿತು, ಸ್ಟಿಯರಿಂಗ್ ಸಣ್ಣಗೆ ನಡುಗಿತು. ಹುಡುಗ ನಾಲ್ಕನೇ ಗೇರಿನಲ್ಲೇ ಕಾಲು ಒತ್ತಿದ್ದ.

"ಸಣ್ಣ ಕುಂಟಿ ಕಟ್ಟು" ಅಂದೆ.

ಅವನು ಒಂದು ಕ್ಷಣ ನನ್ನ ಮುಖ ನೋಡಿ ಮೂರಕ್ಕೆ ಇಳಿಸಿದ. ಮುಳ್ಳು ಏರಿತು, ದನಿ ಬಿಗಿಯಾಯಿತು, ಬೆನ್ನು ಸೀಟಿಗೆ ಒತ್ತಿತು. ಮೇಲೆ ಎಲ್ಲಾ ಇದೆ ಎಂದು ಮೇಸ್ತ್ರಿ ಹೇಳಿದ್ದು ಸುಳ್ಳಾಗಿರಲಿಲ್ಲ.

ಗಾಡಿಯ ಬೋರ್ ಹಿಗ್ಗಿಸಲು ಹೊರಟಿರುವವರಲ್ಲಿ ನನ್ನದೊಂದು ಕೋರಿಕೆ. ದಿನವೂ ಎಂಥ ಭಾರ ಎಳೆಯುತ್ತೀರಿ, ಎಂಥ ನೆಲದಲ್ಲಿ ಎಳೆಯುತ್ತೀರಿ ಎಂದು ಮೊದಲು ನೋಡಿಕೊಳ್ಳಿ. ನಿತ್ಯವೂ ಎರೆ ಹೊಲವೇ ಆದರೆ ದೇವಣಿಯನ್ನೇ ಕೊಳ್ಳಿ, ದೊಡ್ಡ ಎಂಜಿನ್ನಿನ ಗಾಡಿಯನ್ನೇ ತನ್ನಿ. ಮನೆಯಲ್ಲಿ ಕಿಲಾರಿ ಇದ್ದರೆ ಅದನ್ನು ದೇವಣಿ ಮಾಡಲು ಹೋಗಬೇಡಿ. ಅದರ ಹೆಜ್ಜೆಗೆ ಒಪ್ಪುವ ಕುಂಟೆ ಕಟ್ಟಿ. ಹೊಲ ಅಷ್ಟೇ ಮುಗಿಯುತ್ತದೆ.